ಎಂಎಸ್ ಉಕ್ಕು: ಗುಣ ಓದಿ, ಸರಿಯಾದದ್ದು ಆರಿಸಿ, ಕೆಡಿಸದೆ ಕೆಲಸ ಮಾಡುವುದು ಹೇಗೆ

ಗೋದಾಮಿನ ಕಂಬ, ಕಬ್ಬಿಣದ ಮೆಟ್ಟಿಲು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಯಂತ್ರದ ಕೆಳಗಿನ ಬೇಸ್ ಫ್ರೇಮು, ಸಣ್ಣ ಸೇತುವೆಯ ಗರ್ಡರು. ಇವೆಲ್ಲ ಬಹುಪಾಲು ಆಗುವುದು ನಾವು ಎಂಎಸ್ (ಮೈಲ್ಡ್ ಸ್ಟೀಲ್) ಎಂದು ಕರೆಯುವ ಸಾದಾ ಇಂಗಾಲದ ಉಕ್ಕಿನಲ್ಲಿ. ನಾನು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೆಲಸ ನೋಡಿಕೊಳ್ಳುವವನು. ಮಾಲು ಇಳಿಸುವುದರಿಂದ ಹಿಡಿದು ಪೇಂಟು ಒಣಗುವವರೆಗೆ ಎಲ್ಲವೂ ನನ್ನ ಕಣ್ಣೆದುರೇ ನಡೆಯುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟು: ಈ ಉಕ್ಕನ್ನು ಬಲಕ್ಕಾಗಿ ಆರಿಸುವುದಲ್ಲ. ಬಲದಲ್ಲಿ ಇದನ್ನು ಮೀರಿಸುವ ಉಕ್ಕುಗಳು ಬೇಕಾದಷ್ಟಿವೆ. ಮುರಿಯುವ ಮುಂಚೆ ಬಾಗಿ ಎಚ್ಚರಿಸುವುದು, ಸುಲಭವಾಗಿ ವೆಲ್ಡ್ ಆಗುವುದು, ಕತ್ತರಿಸಿ ಬಗ್ಗಿಸಿದರೂ ತಾಳಿಕೊಳ್ಳುವುದು ಇದರ ನಿಜವಾದ ಗುಣ. ಆ ಗುಣ ನಮ್ಮ ಕೈಯಲ್ಲಿ ಹಾಳಾಗದಂತೆ ಕೆಲಸ ಮುಗಿಸುವ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರಿನಲ್ಲಿರುವ ಅಂಕಿ

ಡ್ರಾಯಿಂಗಿನಲ್ಲಿ ಎ36 ಎಂದಿದ್ದರೆ ಅದು ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂ ಕೊಟ್ಟ ಹೆಸರು. ಚದರ ಇಂಚಿಗೆ 36 ಸಾವಿರ ಪೌಂಡ್, ಅಂದರೆ ಸುಮಾರು 250 ಎಂಪಿಎ (ಮೆಗಾಪಾಸ್ಕಲ್) ಒತ್ತಡದವರೆಗೆ ಅದು ಶಾಶ್ವತವಾಗಿ ಹಿಗ್ಗದೆ ನಿಲ್ಲಬೇಕು. ಈ ಮಿತಿಗೆ ಯೀಲ್ಡ್ ಎನ್ನುತ್ತೇವೆ. ಎ36 ಬಂದದ್ದು 1960ರಲ್ಲಿ. ಅದಕ್ಕೂ ಮುಂಚೆ ಚಾಲ್ತಿಯಲ್ಲಿದ್ದ ಎ7ರ ಯೀಲ್ಡ್ 33 ಸಾವಿರ ಪೌಂಡ್. ಭಾರತದ ಮಾನಕ ಐಎಸ್ 2062ರಲ್ಲಿ ಇದಕ್ಕೆ ಸಮನಾದದ್ದು ಇ250. ಯೂರೋಪಿನ ಎಸ್235, ಎಸ್275, ಎಸ್355 ಎಂಬ ಹೆಸರುಗಳಲ್ಲೂ ಅಂಕಿ ಯೀಲ್ಡನ್ನೇ ಹೇಳುತ್ತದೆ.

ಆದರೆ ಆ ಅಂಕಿ ತೆಳ್ಳಗಿನ ಮಾಲಿಗೆ ಮಾತ್ರ ಪೂರ್ತಿ ಅನ್ವಯ. ಇ250 ಪ್ಲೇಟು 20 ಮಿ.ಮೀ. ದಾಟಿದರೆ 240, 40 ದಾಟಿದರೆ 230ಕ್ಕೆ ಇಳಿಯುತ್ತದೆ. ಎಸ್275 ಕೂಡ 16 ಮಿ.ಮೀ. ದಾಟುತ್ತಲೇ 265. ದಪ್ಪ ಪ್ಲೇಟು ರೋಲಿಂಗಿನಲ್ಲಿ ಕಡಿಮೆ ಅದುಮಿಸಿಕೊಂಡು ನಿಧಾನವಾಗಿ ತಣಿಯುತ್ತದೆ, ಹಾಗಾಗಿ ಒಳಗಿನ ಕಣ ದಪ್ಪವಾಗಿಯೇ ಉಳಿಯುತ್ತದೆ. ಬೇಸ್ ಪ್ಲೇಟಿಗೆ 50 ಮಿ.ಮೀ. ಹಾಕುವಾಗ ಲೆಕ್ಕದಲ್ಲಿ 250 ಹಿಡಿದಿದ್ದಾರೆಯೇ ಎಂದು ಡಿಸೈನ್ ಮಾಡಿದವರನ್ನು ಒಮ್ಮೆ ಕೇಳಿಬಿಡಿ.

ಇಂಗಾಲ ಇದರಲ್ಲಿ ಇರುವುದು ಕಾಲು ಶೇಕಡದ ಆಸುಪಾಸು, ಹೆಚ್ಚಾಗಿ ಅದಕ್ಕೂ ಕಡಿಮೆ. ಸೂಕ್ಷ್ಮದರ್ಶಕದಡಿ ನೋಡಿದರೆ ಮೆತ್ತಗಿನ ಫೆರೈಟ್ ಕಣಗಳ ನಡುವೆ ಗಡಸಾದ ಪರ್ಲೈಟ್ ಕಪ್ಪಗೆ ಕಾಣುತ್ತದೆ. ಇಂಗಾಲ 0.2 ಶೇಕಡ ಇದ್ದರೆ ಪರ್ಲೈಟ್ ಸುಮಾರು ನಾಲ್ಕನೇ ಒಂದು ಪಾಲು. ಇಂಗಾಲ ಏರಿದಂತೆ ಬಲವೂ ಗಡಸುತನವೂ ಏರುತ್ತವೆ, ಹಿಗ್ಗುವ ಗುಣವೂ ವೆಲ್ಡ್ ಆಗುವ ಗುಣವೂ ಇಳಿಯುತ್ತವೆ.

ಬಲ ಹೆಚ್ಚಾದರೆ ಜಗ್ಗುವುದು ಕಡಿಮೆಯಾಗದು

ತುಂಬ ಜನ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೀಮು ಹೆಚ್ಚು ಜಗ್ಗುತ್ತದೆ ಎಂದಾಗ "ಇ350 ಹಾಕಿಬಿಡೋಣ" ಎನ್ನುವವರು ಇದ್ದಾರೆ. ಅದರಿಂದ ಜಗ್ಗು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಉಕ್ಕಿನ ಬಿಗಿತ ಹೇಳುವ ಅಂಕಿ, ಅಂದರೆ ಸ್ಥಿತಿಸ್ಥಾಪಕತೆಯ ಗುಣಾಂಕ, ಇ250ಕ್ಕೂ ಇ350ಕ್ಕೂ ಒಂದೇ: ಸುಮಾರು 200 ಗಿಗಾಪಾಸ್ಕಲ್.

ಲೆಕ್ಕ ಮಾಡಿ ನೋಡಿ. ಎರಡು ತುದಿಯಲ್ಲಿ ಕೂತ 6 ಮೀಟರ್ ಬೀಮು, ಉದ್ದಕ್ಕೂ ಮೀಟರಿಗೆ 10 ಕಿಲೋನ್ಯೂಟನ್ ಭಾರ, ಅಂದರೆ ಮೀಟರಿಗೆ ಒಂದು ಟನ್ನಿನಷ್ಟು. ಬೀಮು ಪಕ್ಕಕ್ಕೆ ವಾಲದಂತೆ ಹಿಡಿದಿದೆ ಎಂದುಕೊಳ್ಳಿ. ನಡುವಿನಲ್ಲಿ ಬಾಗಿಸುವ ಮೊಮೆಂಟು 45 ಕಿಲೋನ್ಯೂಟನ್-ಮೀಟರ್. ಮೀಟರಿಗೆ 25 ಕೆ.ಜಿ. ತೂಗುವ 200 ಮಿ.ಮೀ. ಐ-ಸೆಕ್ಷನ್ನಿನಲ್ಲಿ ಇದು ಸುಮಾರು 200 ಎಂಪಿಎ ಒತ್ತಡ ಹುಟ್ಟಿಸುತ್ತದೆ. ಯೀಲ್ಡಿನ ಮೂರನೇ ಎರಡು ಪಾಲಿನವರೆಗೆ ಬಿಡಬಹುದು ಎಂಬ ಹಳೆಯ ಪದ್ಧತಿಯಲ್ಲಿ ಇ250ಕ್ಕೆ ಸಿಗುವುದು 165 ಎಂಪಿಎ, ಆದ್ದರಿಂದ ಆಗದು. ಇ350ಕ್ಕೆ 230 ಸಿಗುತ್ತದೆ, ಆದ್ದರಿಂದ ಆಗುತ್ತದೆ. ಕಾಗದದ ಮೇಲೆ ಇ350 ಗೆದ್ದಿತು. ಆದರೆ ಆ ಬೀಮು ನಡುವಿನಲ್ಲಿ ಜಗ್ಗುವುದು ಸುಮಾರು 38 ಮಿ.ಮೀ. ಉದ್ದದ ಮುನ್ನೂರನೇ ಒಂದು ಪಾಲು ಎಂದು ಮಿತಿ ಇಟ್ಟರೆ 20 ಮಿ.ಮೀ. ದಾಟಬಾರದು. ಅದೇ ಜಾಗದಲ್ಲಿ ಮೀಟರಿಗೆ 37 ಕೆ.ಜಿ. ತೂಗುವ 250 ಮಿ.ಮೀ. ಸೆಕ್ಷನ್ ಹಾಕಿದರೆ ಜಗ್ಗು 16 ಮಿ.ಮೀ. ಚಿಲ್ಲರೆಗೆ ಇಳಿಯುತ್ತದೆ, ಒತ್ತಡವೂ 110ರ ಹತ್ತಿರ. ಅಷ್ಟಕ್ಕೆ ಸಾದಾ ಇ250 ಸಾಕು, ದುಬಾರಿ ಗ್ರೇಡಿನ ಅಗತ್ಯವೇ ಬೀಳುವುದಿಲ್ಲ. ಜಗ್ಗು ತಗ್ಗಿಸಬೇಕಾದರೆ ಸೆಕ್ಷನ್ನಿನ ಎತ್ತರ ಹೆಚ್ಚಿಸಿ, ಗ್ರೇಡನ್ನಲ್ಲ.

ಪದೇಪದೇ ಭಾರ ಹೊತ್ತು ಇಳಿಸುವ ಕೆಲಸಕ್ಕೂ, ಉದಾಹರಣೆಗೆ ಕ್ರೇನ್ ಗರ್ಡರಿಗೆ, ಇದೇ ಮಾತು. ದಣಿವಿನ ಬಿರುಕು ಹುಟ್ಟುವುದು ವೆಲ್ಡಿನ ಅಂಚಿನಲ್ಲಿ. ಅಲ್ಲಿ ಬಲದ ಗ್ರೇಡು ಆಯುಷ್ಯ ಹೆಚ್ಚಿಸುವುದಿಲ್ಲ. ವೆಲ್ಡ್ ಎಲ್ಲಿದೆ, ಅಂಚು ಎಷ್ಟು ನಯವಾಗಿದೆ ಎಂಬುದೇ ಮುಖ್ಯ. ಉದ್ದನೆಯ ಕಂಬ, ಜಗ್ಗಿನಿಂದಲೇ ಅಳತೆ ನಿಗದಿಯಾಗುವ ಬೀಮು, ಅದುರುವ ಯಂತ್ರದ ಫ್ರೇಮು ಇವೆಲ್ಲಕ್ಕೆ ನಾನು ಕಣ್ಣು ಮುಚ್ಚಿ 250ರ ಉಕ್ಕನ್ನೇ ಹೇಳುತ್ತೇನೆ. 350 ಉಪಯೋಗಕ್ಕೆ ಬರುವುದು ಗಿಡ್ಡ, ಭಾರ ಹೆಚ್ಚಿನ ಕಂಬಗಳಲ್ಲಿ, ಎಳೆತಕ್ಕೆ ಸಿಕ್ಕ ಟ್ರಸ್ಸಿನ ಕೆಳಪಟ್ಟಿಯಲ್ಲಿ, ತೂಕ ಉಳಿಸಲೇಬೇಕಾದ ಕಡೆ.

ಬಾಗುವ ಗುಣ ಮತ್ತು ಏಟು ತಾಳುವ ಗುಣ

ಒಂದು ಮೀಟರ್ ಉದ್ದದ ಪಟ್ಟಿ ಯೀಲ್ಡ್ ಮುಟ್ಟುವ ಹೊತ್ತಿಗೆ ಹಿಗ್ಗಿರುವುದು 1.25 ಮಿ.ಮೀ. ಅಷ್ಟೆ. ಅದೇ ಉಕ್ಕಿನ ತುಂಡನ್ನು ಪರೀಕ್ಷಾ ಯಂತ್ರದಲ್ಲಿ ತುಂಡಾಗುವವರೆಗೆ ಎಳೆದರೆ ಗುರುತು ಹಾಕಿದ ಭಾಗ ಶೇಕಡ 23ಕ್ಕೂ ಮೇಲೆ ಹಿಗ್ಗಬೇಕು, ಇಲ್ಲದಿದ್ದರೆ ಮಾಲು ತಿರಸ್ಕಾರ. ಎಳೆದು ತುಂಡಾಗುವ ಬಲ, ಅಂದರೆ ಟೆನ್ಸೈಲ್, ಎ36ಕ್ಕೆ 400ರಿಂದ 550 ಎಂಪಿಎ, ಇ250ಕ್ಕೆ ಕನಿಷ್ಠ 410. ಯೀಲ್ಡಿಗೂ ತುಂಡಾಗುವ ಬಲಕ್ಕೂ ನಡುವಿನ ಈ ಅಂತರವೇ ನಮ್ಮನ್ನು ಕಾಯುವುದು. ಭಾರ ಹೆಚ್ಚಾದಾಗ ಬೀಮು ಕಣ್ಣಿಗೆ ಕಾಣುವಷ್ಟು ಬಾಗುತ್ತದೆ, ಪೇಂಟು ಸಿಡಿಯುತ್ತದೆ, ಜನ ಹೊರಗೆ ಬರಲು ಹೊತ್ತು ಸಿಗುತ್ತದೆ.

ಆದರೆ ಚಳಿ, ಮೊನಚಾದ ಮೂಲೆ, ಕೆಟ್ಟ ವೆಲ್ಡ್ ಮೂರೂ ಸೇರಿದರೆ ಇದೇ ಉಕ್ಕು ಎಚ್ಚರಿಕೆ ಕೊಡದೆ ಪೆಡಸಾಗಿ ಸೀಳುತ್ತದೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚ ಹೊಸ ವೆಲ್ಡೆಡ್ ತೈಲ ಹಡಗು ಹಡಗುಕಟ್ಟೆಯ ಶಾಂತ ನೀರಿನಲ್ಲಿ ನಿಂತಿದ್ದಾಗಲೇ ನಡುವೆ ಬಿರಿಯಿತು. ಅಲೆಯಿರಲಿಲ್ಲ, ಬಿರುಗಾಳಿಯಿರಲಿಲ್ಲ. ಆ ಕಾಲದ ಅಂಥ ಹಲವು ಹಡಗುಗಳ ಬಿರುಕಿನಿಂದ ಕಲಿತದ್ದರಿಂದಲೇ ಇಂದು ಗ್ರೇಡಿನ ಹೆಸರಿಗೆ ಬಾಲ ಬಂದಿದೆ. ಎಸ್275ಜೆಆರ್ ಎಂದರೆ 20 ಡಿಗ್ರಿಯಲ್ಲಿ, ಜೆ0 ಎಂದರೆ ಸೊನ್ನೆಯಲ್ಲಿ, ಜೆ2 ಎಂದರೆ ಮೈನಸ್ 20ರಲ್ಲಿ ಸುತ್ತಿಗೆಯೇಟಿನ ಪರೀಕ್ಷೆಯಲ್ಲಿ 27 ಜೂಲ್ ತಾಳಬೇಕು. ಐಎಸ್ 2062ರಲ್ಲಿ ಎ ದರ್ಜೆಗೆ ಈ ಪರೀಕ್ಷೆಯೇ ಇಲ್ಲ. ಬಿಆರ್ ದರ್ಜೆಗೆ ಕೇಳಿದರೆ ಮಾತ್ರ, ಕೋಣೆಯ ಉಷ್ಣತೆಯಲ್ಲಿ; ಬಿಒ ದರ್ಜೆಗೆ ಸೊನ್ನೆಯಲ್ಲಿ, ಸಿ ದರ್ಜೆಗೆ ಮೈನಸ್ 20ರಲ್ಲಿ.

ಬೋಲ್ಟ್ ಹಾಕಿ ನಿಲ್ಲಿಸುವ ರ‍್ಯಾಕು, ರೇಲಿಂಗು, ಸಣ್ಣ ಸ್ಟ್ಯಾಂಡು ಇಂಥದ್ದಕ್ಕೆ ಎ ದರ್ಜೆ ಧಾರಾಳವಾಗಿ ಸಾಕು. ವೆಲ್ಡ್ ಮಾಡಿದ ಗರ್ಡರು, ಏಟು ಬೀಳುವ, ಅದುರುವ ಕೆಲಸ, ತಣ್ಣನೆಯ ಕೋಣೆಯ ರಚನೆ ಇದ್ದರೆ ಬಾಲ ನೋಡದೆ ಮಾಲು ತರಿಸಬೇಡಿ.

ಸರ್ಟಿಫಿಕೇಟ್ ಓದುವುದು

ಮಾಲಿನ ಜೊತೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ. ಮೊದಲು ಹೀಟ್ ನಂಬರ್, ಅಂದರೆ ಒಂದೇ ಸಲ ಕರಗಿಸಿ ತೆಗೆದ ಉಕ್ಕಿನ ಗುರುತಿನ ಸಂಖ್ಯೆ, ನೋಡಿ, ಅದು ಪ್ಲೇಟಿನ ಮೇಲೆ ಹೊಡೆದ ಅಥವಾ ಬರೆದ ನಂಬರಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ. ಆಮೇಲೆ ಯೀಲ್ಡ್, ಟೆನ್ಸೈಲ್, ಹಿಗ್ಗಿದ ಶೇಕಡ. ನಂತರ ರಾಸಾಯನಿಕ ಸಾಲು. ಅದರಲ್ಲಿ ಗಂಧಕ, ರಂಜಕ ಎರಡೂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಗಂಧಕ ವೆಲ್ಡನ್ನು ಬಿಸಿಯಿದ್ದಾಗಲೇ ಬಿರಿಯಿಸುತ್ತದೆ, ರಂಜಕ ಚಳಿಯಲ್ಲಿ ಪೆಡಸು ಮಾಡುತ್ತದೆ.

ನಾನು ಪೆನ್ನು ಹಿಡಿದು ಲೆಕ್ಕ ಹಾಕುವುದು ಇಂಗಾಲದ ಸಮಾನ ಮೌಲ್ಯವನ್ನು; ಅದು ಏರಿದಷ್ಟೂ ವೆಲ್ಡ್ ಮಾಡುವುದು ಕಷ್ಟ. ಇಂಗಾಲಕ್ಕೆ ಮ್ಯಾಂಗನೀಸಿನ ಆರನೇ ಒಂದು ಪಾಲು, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂ ಮೊತ್ತದ ಐದನೇ ಒಂದು ಪಾಲು, ನಿಕ್ಕಲ್ ಮತ್ತು ತಾಮ್ರದ ಮೊತ್ತದ ಹದಿನೈದನೇ ಒಂದು ಪಾಲು ಕೂಡಿಸಬೇಕು. ಒಂದು ಪ್ಲೇಟಿನಲ್ಲಿ ಇಂಗಾಲ 0.17, ಮ್ಯಾಂಗನೀಸ್ 0.85 ಇದ್ದರೆ ಆ ಎರಡರಿಂದಲೇ 0.31, ಉಳಿದವು ಚೂರುಪಾರು ಸೇರಿ 0.32, 0.33. ವೆಲ್ಡರಿಗೆ ತಲೆನೋವಿಲ್ಲದ ಮಾಲು. ಇನ್ನೊಂದರಲ್ಲಿ ಇಂಗಾಲ 0.22, ಮ್ಯಾಂಗನೀಸ್ 1.2 ಇದ್ದರೆ 0.42. ಅದೂ ಇ250 ಎ ದರ್ಜೆಯೇ, ಪಾಸಾಗಿಯೇ ಬಂದದ್ದು, ಆದರೆ ಮಿತಿಯ ಅಂಚಿನಲ್ಲಿದೆ. ದಪ್ಪವಾಗಿದ್ದರೆ ಬಿಸಿ ಮಾಡದೆ ವೆಲ್ಡ್ ಹಚ್ಚಬಾರದು. ಒಂದೇ ಹೆಸರಿನ ಎರಡು ಪ್ಲೇಟುಗಳು ವೆಲ್ಡಿಂಗಿನಲ್ಲಿ ಬೇರೆ ಬೇರೆಯಾಗಿ ವರ್ತಿಸುವುದು ಇದರಿಂದಲೇ.

ಪ್ಲೇಟು ಕತ್ತರಿಸುವ ಮುಂಚೆ ಹೀಟ್ ನಂಬರನ್ನು ಪ್ರತಿ ತುಂಡಿಗೂ ಪೇಂಟ್ ಮಾರ್ಕರಿನಲ್ಲಿ ಬರೆಯಿಸಿ. ಉಳಿದ ತುಂಡಿಗೂ ಬರೆಯಬೇಕು, ಮುಂದೆ ಅನಾಥವಾಗುವುದು ಅದೇ.

ಕಾಗದವಿಲ್ಲದ ಹಳೆಯ ಉಕ್ಕು ಬಂದರೆ ಗ್ರೈಂಡರ್ ಹಚ್ಚಿ ಕಿಡಿ ನೋಡಿ. ಎಂಎಸ್ ಆದರೆ ಉದ್ದನೆಯ ಹಳದಿ ಗೆರೆಗಳು, ತುದಿಯಲ್ಲಿ ಒಂದೆರಡು ಕವಲು. ಇಂಗಾಲ ಹೆಚ್ಚಿದ್ದರೆ ಕಿಡಿ ಚಕ್ರದ ಹತ್ತಿರವೇ ಸಿಡಿದು ನಕ್ಷತ್ರದಂತೆ ಒಡೆಯುತ್ತದೆ. ಎರಕದ ಕಬ್ಬಿಣದ ಕಿಡಿ ಗಿಡ್ಡ, ಕೆಂಪು. ಇಷ್ಟರಿಂದ 250 ಯಾವುದು, 350 ಯಾವುದು ಎಂದು ಹೇಳಲಾಗದು. ವೆಲ್ಡ್ ಆಗುತ್ತದೆಯೇ ಎಂಬುದಕ್ಕೆ ಇನ್ನೊಂದು ಉಪಾಯ: ಆ ಹಳೆಯ ಉಕ್ಕಿನ ಮೇಲೆ ಒಂದು ಎಂಎಸ್ ತುಂಡನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಗೆ ವೆಲ್ಡ್ ಹಾಕಿ, ಪೂರ್ತಿ ತಣ್ಣಗಾದ ಮೇಲೆ ವೆಲ್ಡಿನ ಕಡೆಗೆ ಮಡಚಿಕೊಳ್ಳುವಂತೆ ಎದುರಿನಿಂದ ದೊಡ್ಡ ಸುತ್ತಿಗೆಯಲ್ಲಿ ಹೊಡೆಯಿರಿ. ತುಂಡು ಬಾಗಿದರೆ, ಇಲ್ಲವೇ ವೆಲ್ಡೇ ನಿಧಾನವಾಗಿ ಹರಿದರೆ ಒಳ್ಳೆಯದು. ತಳದ ಉಕ್ಕು ವೆಲ್ಡಿನ ಪಕ್ಕದಲ್ಲಿ ಗಾಜಿನಂತೆ ಎದ್ದು ಬಂದರೆ ಅದನ್ನು ರಚನೆಗೆ ಬಳಸಬೇಡಿ. ಭಾರ ಹೊರುವ ಭಾಗವಾದರೆ ಇದರ ಮೇಲೂ ನೆಚ್ಚಿಕೊಳ್ಳದೆ ಲ್ಯಾಬಿಗೆ ಒಂದು ತುಂಡು ಕಳಿಸಿ.

ಕತ್ತರಿಸುವುದು, ಬಗ್ಗಿಸುವುದು

ಗ್ಯಾಸ್ ಕಟಿಂಗ್ ಈ ಉಕ್ಕಿಗೆ ಹೇಳಿ ಮಾಡಿಸಿದ್ದು. ಕೆಂಪಾದ ಜಾಗಕ್ಕೆ ಆಮ್ಲಜನಕ ಬಿಟ್ಟಾಗ ಕಬ್ಬಿಣವೇ ಉರಿಯುತ್ತದೆ. ಹುಟ್ಟುವ ಆಕ್ಸೈಡು ಉಕ್ಕಿಗಿಂತ ಕಡಿಮೆ ಉಷ್ಣದಲ್ಲಿ ಕರಗುವುದರಿಂದ ಕೆಳಗೆ ಹರಿದುಹೋಗುತ್ತದೆ. ಸ್ಟೇನ್‌ಲೆಸ್ಸಿನ ಕ್ರೋಮಿಯಂ ಆಕ್ಸೈಡು ಹಾಗೆ ಕರಗದು, ಅದಕ್ಕೇ ಅದನ್ನು ಗ್ಯಾಸಿನಲ್ಲಿ ಕತ್ತರಿಸಲಾಗದು. ಕತ್ತರಿಸಿದ ಮುಖದ ಗೆರೆಗಳನ್ನು ನೋಡಿ: ಬಹುತೇಕ ನೇರವಾಗಿದ್ದರೆ ವೇಗ ಸರಿ, ಹಿಂದಕ್ಕೆ ತುಂಬ ಬಾಗಿದ್ದರೆ ಟಾರ್ಚು ಓಡಿದೆ.

ಬಗ್ಗಿಸುವಾಗ ಒಳಗಿನ ತಿರುವಿನ ತ್ರಿಜ್ಯ ಪ್ಲೇಟಿನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಇರಲಿ. ರೋಲಿಂಗ್ ದಿಕ್ಕಿಗೆ ಅಡ್ಡಲಾಗಿ ಮಡಿಕೆ ಬರುವಂತೆ ತುಂಡು ಕತ್ತರಿಸಿ. ಬಿರುಕು ಶುರುವಾಗುವುದು ಹೆಚ್ಚಾಗಿ ಮಡಿಕೆಯ ಎರಡು ತುದಿಯಲ್ಲಿ, ಹೊರಮೈಯಲ್ಲಿ. ಶಿಯರಿಂಗ್ ಅಥವಾ ಗ್ಯಾಸ್ ಕಟಿಂಗ್ ಮಾಡಿದ ಅಂಚು ಅಲ್ಲಿ ಗಡಸಾಗಿ, ಗೀಚು ಗೀಚಾಗಿರುತ್ತದೆ. ಪ್ರೆಸ್ಸಿಗೆ ಕೊಡುವ ಮುಂಚೆ ಆ ತುದಿಗಳಲ್ಲಿ ಚೂಪು ಮೂಲೆಯನ್ನು ಗ್ರೈಂಡರಿನಲ್ಲಿ ಉಜ್ಜಿ ದುಂಡಗೆ ಮಾಡಿ, ಉಜ್ಜಿದ ಗೆರೆ ಅಂಚಿನ ಉದ್ದಕ್ಕೇ ಸಾಗಲಿ, ಅಡ್ಡಕ್ಕಲ್ಲ. ಎರಡು ನಿಮಿಷದ ಕೆಲಸ. ಒಳ್ಳೆಯ ಪ್ಲೇಟು ಉಳಿಯುತ್ತದೆ.

ವೆಲ್ಡಿಂಗ್

ತೆಳ್ಳಗಿನ ಎಂಎಸ್ ಯಾವ ರಾಡಿಗೂ ಒಗ್ಗುತ್ತದೆ ಎಂಬ ಧೈರ್ಯದಲ್ಲೇ ದಪ್ಪದ್ದಕ್ಕೂ ಕೈ ಹಾಕುತ್ತಾರೆ. ದಪ್ಪ ಪ್ಲೇಟು ವೆಲ್ಡಿನ ಶಾಖವನ್ನು ಕ್ಷಣದಲ್ಲಿ ಹೀರುತ್ತದೆ. ಬೇಗ ತಣಿದ ಪಕ್ಕದ ಉಕ್ಕು ಗಡಸಾಗುತ್ತದೆ. ರಾಡಿನ ತೇವದಿಂದ ಬಂದ ಹೈಡ್ರೋಜನ್ ಅಲ್ಲಿ ಸೇರಿ, ಕೆಲವೊಮ್ಮೆ ಎಷ್ಟೋ ಗಂಟೆಗಳ ನಂತರ ಬಿರುಕು ಬಿಡಿಸುತ್ತದೆ. ಹಾಗಾಗಿ 20 ಮಿ.ಮೀ. ದಾಟಿದ ಕೆಲಸಕ್ಕೆ ನಾನು ಇ7018ರಂಥ ಲೋ-ಹೈಡ್ರೋಜನ್ ರಾಡು ಬಿಟ್ಟು ಬೇರೆ ಕೊಡುವುದಿಲ್ಲ. ಅದನ್ನು ಪೊಟ್ಟಣ ಒಡೆದ ಮೇಲೆ ಓವನ್ನಿನಲ್ಲೇ ಇಡಬೇಕು, ವೆಲ್ಡರ್ ಪಕ್ಕದ ಬಿಸಿ ಡಬ್ಬಿಯಿಂದಲೇ ತೆಗೆಯಬೇಕು. ನೆಲದ ಮೇಲೆ ರಾತ್ರಿಯಿಡೀ ಬಿದ್ದ ರಾಡು ಹೆಸರಿಗೆ ಮಾತ್ರ ಲೋ-ಹೈಡ್ರೋಜನ್.

ಅಮೆರಿಕದ ವೆಲ್ಡಿಂಗ್ ಸಂಹಿತೆ ಡಿ1.1ರ ಪ್ರಕಾರ ಎ36ಕ್ಕೆ, ಲೋ-ಹೈಡ್ರೋಜನ್ ರಾಡು ಬಳಸಿದರೆ, 38 ಮಿ.ಮೀ. ದಾಟಿ 65ರವರೆಗೆ ಕನಿಷ್ಠ 65 ಡಿಗ್ರಿ, ಅದಕ್ಕೂ ದಪ್ಪವಾದರೆ 110 ಡಿಗ್ರಿ ಮೊದಲೇ ಬಿಸಿ ಮಾಡಬೇಕು. ಬೇರೆ ರಾಡಾದರೆ 20 ಮಿ.ಮೀ. ದಾಟಿದಾಗಲೇ 65 ಡಿಗ್ರಿ. ಟಾರ್ಚು ತೋರಿಸಿ "ಬೆಚ್ಚಗಾಯ್ತು" ಎಂದರೆ ಆಗದು. ಉಷ್ಣತೆ ತೋರಿಸುವ ಮೇಣದ ಕಡ್ಡಿಯನ್ನು ಜಾಯಿಂಟಿನಿಂದ ಸ್ವಲ್ಪ ದೂರದಲ್ಲಿ ಗೀಚಿ ನೋಡಬೇಕು. ದಪ್ಪ ಪ್ಲೇಟಿನ ಮೇಲೆ ಸಾಸಿವೆಯಷ್ಟು ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹಾಕುವುದು, ಎಲ್ಲೆಂದರಲ್ಲಿ ಆರ್ಕ್ ಹೊಡೆಯುವುದು ಎರಡನ್ನೂ ನಾನು ಸಹಿಸುವುದಿಲ್ಲ. ಆ ಚುಕ್ಕೆಯೇ ಎಲ್ಲಕ್ಕಿಂತ ಬೇಗ ತಣಿದು ಗಡಸಾಗುವ ಜಾಗ.

ವೆಲ್ಡ್ ತಣಿದಾಗ ಕುಗ್ಗಿ ಎಳೆಯುತ್ತದೆ. ಎರಡೂ ಬದಿಗೆ ಸಮನಾಗಿ, ತುಂಡು ತುಂಡಾಗಿ ಹಿಂದೆ ಸರಿಯುತ್ತಾ ಹಾಕಿ. ಡ್ರಾಯಿಂಗಿನಲ್ಲಿ 6 ಮಿ.ಮೀ. ಕೇಳಿದ್ದರೆ 10 ಹಾಕಬೇಡಿ. ಆದರೂ ಬಾಗಿದರೆ ಬೆಂಕಿಯಿಂದ ನೆಟ್ಟಗೆ ಮಾಡಬಹುದು. 650 ಡಿಗ್ರಿ ದಾಟಬಾರದು, ಅಂದರೆ ಮಬ್ಬು ಬೆಳಕಿನಲ್ಲಿ ಮಾತ್ರ ಕಾಣುವ ಕಡುಗೆಂಪು. ಕೆಂಪಗಿರುವಾಗ ನೀರು ಸುರಿಯಬೇಡಿ.

ಎಲ್ಲಿ ಬೇಡ

ಚಾಕು, ಸ್ಪ್ರಿಂಗು, ಉಳಿ, ಸವೆಯುವ ಗೇರು ಇದರಲ್ಲಿ ಆಗವು. ಇಂಗಾಲ ಕಡಿಮೆಯಾದ್ದರಿಂದ ಕಾಸಿ ನೀರಿಗೆ ಅದ್ದಿದರೂ ಉಪಯುಕ್ತವಾದ ಗಡಸುತನ ಬರದು. ಎಂಎಸ್ ರಾಡಿಗೆ ಥ್ರೆಡ್ ಕೊರೆದು 8.8 ಬೋಲ್ಟಿನ ಜಾಗಕ್ಕೆ ತೂರಿಸುವುದಂತೂ ಅಪಾಯ. 8.8 ಎಂದರೆ ಟೆನ್ಸೈಲ್ 800, ಯೀಲ್ಡ್ 640 ಎಂಪಿಎ. ಎಂಎಸ್ ಬೋಲ್ಟು ಸಾಮಾನ್ಯವಾಗಿ 4.6, ಅಂದರೆ 400 ಮತ್ತು 240.

ಉಕ್ಕು ಹೊತ್ತಿ ಉರಿಯದಿದ್ದರೂ ಬೆಂಕಿಯಲ್ಲಿ ಮೆತ್ತಗಾಗುತ್ತದೆ. 400 ಡಿಗ್ರಿಯವರೆಗೆ ಯೀಲ್ಡ್ ಹೆಚ್ಚು ಕಡಿಮೆ ಉಳಿಯುತ್ತದೆ, 600ಕ್ಕೆ ಅರ್ಧಕ್ಕಿಂತ ಕಡಿಮೆ, 700ಕ್ಕೆ ಕಾಲು ಭಾಗಕ್ಕೂ ಕಡಿಮೆ. ಜನ ಸೇರುವ ಕಟ್ಟಡದಲ್ಲಿ ಬೆಂಕಿ ತಡೆಯುವ ಹೊದಿಕೆಯನ್ನು ಖರ್ಚಿನ ನೆಪ ಹೇಳಿ ತೆಗೆಯಬೇಡಿ.

ತೂಕ, ತುಕ್ಕು, ಸತು

ಮಾಲು ತರಿಸುವಾಗ ತೂಕದ ಲೆಕ್ಕ ಬಾಯಲ್ಲಿರಲಿ. ಅಳತೆಯೆಲ್ಲ ಮಿ.ಮೀ.ನಲ್ಲಿ: ಪ್ಲೇಟಿನ ದಪ್ಪವನ್ನು 7.85ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ಕೆ.ಜಿ.; ದುಂಡು ರಾಡಿನ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆ.ಜಿ. ಬಿಸಿಲಿಗೆ ಹಿಗ್ಗುವುದನ್ನೂ ಮರೆಯಬೇಡಿ: 12 ಮೀಟರ್ ಬೀಮು 30 ಡಿಗ್ರಿ ಏರಿದರೆ 4 ಮಿ.ಮೀ. ಮೇಲೆ ಉದ್ದವಾಗುತ್ತದೆ, ಒಂದು ತುದಿಗೆ ಉದ್ದ ತೂತು ಕೊಡಿ.

ರೋಲಿಂಗಿನಲ್ಲಿ ಬಂದ ನೀಲಿ-ಕಪ್ಪು ಸ್ಕೇಲಿನ ಮೇಲೆ ಪೇಂಟು ಬಳಿದರೆ ಸ್ಕೇಲು ಸಿಪ್ಪೆಯಾಗಿ ಕಳಚುವಾಗ ಪೇಂಟನ್ನೂ ಕರೆದೊಯ್ಯುತ್ತದೆ. ಬಯಲಲ್ಲಿ ನಿಲ್ಲುವ ಕೆಲಸಕ್ಕೆ ಎಸ್ಎ 2½ ಮಟ್ಟಕ್ಕೆ, ಅಂದರೆ ಸ್ಕೇಲು, ತುಕ್ಕು ಹೋಗಿ ಬರಿ ಲೋಹ ಕಾಣುವಷ್ಟು, ಬ್ಲಾಸ್ಟಿಂಗ್ ಮಾಡಿಸಿ, ಅದೇ ದಿನ ಪ್ರೈಮರ್ ಹೊಡೆಸಿ. ನೀರು ನಿಲ್ಲುವಂತೆ ಚಾನೆಲ್ಲನ್ನು ಮೇಲ್ಮುಖವಾಗಿ ಮಲಗಿಸಬೇಡಿ. ಮಲಗಿಸಲೇಬೇಕಾದರೆ ನೀರು ಇಳಿಯಲು ತೂತು ಕೊಡಿ.

ಸತುವಿನಲ್ಲಿ ಅದ್ದಿಸುವುದಾದರೆ ಸರ್ಟಿಫಿಕೇಟಿನಲ್ಲಿ ಸಿಲಿಕಾನ್ ನೋಡಿ. 0.04ರಿಂದ 0.12 ಶೇಕಡದ ನಡುವೆ ಇದ್ದರೆ ಲೇಪ ಅತಿಯಾಗಿ ದಪ್ಪವಾಗಿ, ಮಂಕಾಗಿ, ಪೆಡಸಾಗಿ ಬರುತ್ತದೆ. ಎರಡೂ ತುದಿ ಮುಚ್ಚಿದ ಪೈಪು ಅಥವಾ ಬಾಕ್ಸ್ ಸೆಕ್ಷನ್ನಿಗೆ ಅದ್ದುವ ಮುಂಚೆ ಗಾಳಿ ಹೋಗಲು, ಸತು ಇಳಿಯಲು ತೂತು ಕಡ್ಡಾಯ. ಒಳಗೆ ತೊಟ್ಟು ನೀರಿದ್ದರೂ 450 ಡಿಗ್ರಿಯ ಸತುವಿನಲ್ಲಿ ಅದು ಆವಿಯಾಗಿ, ಪೈಪು ಬಾಂಬಿನಂತೆ ಸಿಡಿದು ಪಕ್ಕದಲ್ಲಿದ್ದವರ ಪ್ರಾಣ ತೆಗೆಯಬಹುದು. ತೂತುಗಳನ್ನು ಡ್ರಾಯಿಂಗಿನಲ್ಲೇ ಗುರುತು ಮಾಡಿಸಿ, ಲಾರಿಗೆ ಹತ್ತಿಸುವ ಮುಂಚೆ ಪ್ರತಿಯೊಂದಕ್ಕೂ ತಂತಿ ತೂರಿಸಿ ಆರಪಾರ ಇದೆಯೇ ಎಂದು ನೋಡಿ.